ಅಗಾಧವನ್ನು ಅಳೆದ ನೌಕೆ: ‘ಚಾಲೆಂಜರ್’ ಹಡಗಿನ ಚರಿತ್ರೆ

ಸಂಸ್ಕೃತ ಕೋಶಗಳಲ್ಲಿ ಸಮುದ್ರಕ್ಕೆ ಹೇಳಿರುವ ಪರ್ಯಾಯಪದಗಳನ್ನು ಪರಿಶೀಲಿಸಿದರೆ, ಪ್ರಾಚೀನರು ಅದನ್ನು ಯಾವ ಯಾವ ದೃಷ್ಟಿಯಿಂದ ನೋಡಿದರೆಂಬುದು ವಿಶದವಾಗುವುದು. ನದಿಗಳಿಗೆ ಒಡೆಯನಾದುದರಿಂದ ಅದು ಸರಿತ್ಪತಿ. ನೀರಿಗೆ ನೆಲೆಯಾದುದರಿಂದ ಜಲನಿಧಿ. ಮುತ್ತು ಹವಳಗಳಿಗೆ ಗಣಿಯಾದುದರಿಂದ ರತ್ನಾಕರ. ಈ ಹೆಸರುಗಳೆಲ್ಲವೂ ದಡದಲ್ಲಿ ನಿಂತವನಿಗೂ ನೀರಿನ ಮೇಲೆ ಸಾಗುವವನಿಗೂ ತೋರುವ ಗುಣಗಳಿಂದ ಹುಟ್ಟಿದವು. ಆಳವನ್ನು ಕುರಿತು ಹೇಳಬೇಕಾದಲ್ಲಿ ಬರುವ ಶಬ್ದವು ‘ಅಗಾಧ’ವೆಂಬುದು. ತಳವನ್ನು ಮುಟ್ಟಲಾಗದುದೇ ಅಗಾಧವೆಂದು ಅಮರಸಿಂಹನು ಅದಕ್ಕೆ ಅರ್ಥವನ್ನು ಮಾಡಿದ್ದಾನೆ. ಸಮುದ್ರದ ತಳವು ಮನುಷ್ಯನಿಗೆ ಎಟುಕದೆಂಬ ಈ ಭಾವನೆಯು ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಯೂರೋಪಿನ ಪಂಡಿತರೂ ಹೆಚ್ಚು ಕಡಿಮೆ ಹೀಗೆಯೇ ಭಾವಿಸಿದ್ದರು. ಆಕಾಶದ ಗ್ರಹಗಳ ದೂರವನ್ನು ಗಣಿತದಿಂದ ನಿರ್ಣಯಿಸಿದ್ದ ಅವರಿಗೆ, ತಮ್ಮ ಹಡಗುಗಳ ಕೆಳಗೆ ಎಷ್ಟು ನೀರಿದೆ, ಆ ನೀರಿನ ತಳದಲ್ಲಿ ಏನಿದೆ ಎಂಬುದು ತಿಳಿದಿರಲಿಲ್ಲ. ಈ ಅಜ್ಞಾನವನ್ನು ಹೋಗಲಾಡಿಸುವುದಕ್ಕಾಗಿ ಒಂದು ಸರ್ಕಾರವು ತನ್ನ ಯುದ್ಧನೌಕೆಯೊಂದರಿಂದ ಫಿರಂಗಿಗಳನ್ನು ಇಳಿಸಿ, ಅದನ್ನು ಪಂಡಿತರ ಕೈಗೆ ಒಪ್ಪಿಸಿದ ವೃತ್ತಾಂತವು ಜ್ಞಾನದ ಇತಿಹಾಸದಲ್ಲಿ ಒಂದು ರಮ್ಯವಾದ ಅಧ್ಯಾಯವಾಗಿದೆ.

ಪೂರ್ವಪಕ್ಷ

ನೀರಿನ ಆಳವನ್ನು ಕನ್ನಡ ಕರಾವಳಿಯ ಮೀನುಗಾರರು ‘ಮಾರು’ಗಳಿಂದ ಅಳೆಯುವರು. ಎರಡು ತೋಳುಗಳನ್ನೂ ಚಾಚಿದಾಗ ಆಗುವ ಉದ್ದವೇ ಒಂದು ಮಾರು. ಇಂಗ್ಲಿಷ್ ನಾವಿಕರ ‘ಫ್ಯಾದಮ್’ ಎಂಬ ಅಳತೆಯೂ ಇದೇ ಬಗೆಯದು. ಅದನ್ನು ಆರು ಅಡಿಯೆಂದು ನಿಗದಿ ಮಾಡಿದ್ದಾರೆ. ಮುಂದೆ ಬರುವ ಆಳದ ಲೆಕ್ಕಗಳನ್ನೆಲ್ಲ ಆರು ಅಡಿಯ ಮಾರಿನಿಂದಲೇ ತಿಳಿದುಕೊಳ್ಳಬೇಕು.

ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸನು ೧೮೪೧–೪೨ನೆಯ ಇಸವಿಗಳಲ್ಲಿ ‘ಬೀಕನ್’ ಎಂಬ ಹಡಗಿನಲ್ಲಿ ಗ್ರೀಸ್ ದೇಶದ ಬಳಿಯ ಈಜಿಯನ್ ಸಮುದ್ರಕ್ಕೆ ಹೋಗಿ, ತಳದ ಜೀವಿಗಳನ್ನು ಬಲೆಯಿಂದ ಬಾಚಿ ತೆಗೆದು ಪರೀಕ್ಷಿಸಿದನು. ಕೆಳಗೆ ಹೋದಂತೆಲ್ಲ ಜೀವಿಗಳ ಸಂಖ್ಯೆಯು ಕಡಿಮೆಯಾಗುತ್ತ ಬಂದಿತು. ಅವನ ಬಲೆಯು ಇಳಿದುದು ಸುಮಾರು ೨೩೦ ಮಾರಿನವರೆಗೆ. ಅಷ್ಟರಿಂದಲೇ ಅವನು, ೩೦೦ ಮಾರಿನ ಕೆಳಗೆ ಜೀವಿಗಳು ಇರಲಾರವೆಂದು ಊಹಿಸಿದನು. ಕತ್ತಲೆ, ಚಳಿ, ನೀರಿನ ಭಾರ ಈ ಮೂರೂ ಸೇರಿದ ಎಡೆಯಲ್ಲಿ ಪ್ರಾಣವು ಹೇಗೆ ತಾನೆ ನಿಂತೀತು ಎಂಬುದು ಯುಕ್ತವಾಗಿಯೇ ಕಂಡಿತು. ಪಂಡಿತರಲ್ಲಿ ಬಹುಮಂದಿ ಅದನ್ನು ಒಪ್ಪಿದರು.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿಯ ದೋಷವು ಕೂಡಲೇ ಹೊಳೆಯುವುದು. ಒಂದು ಸಮುದ್ರದ ಒಂದು ಭಾಗದಲ್ಲಿ ಕಂಡುದನ್ನು ಎಲ್ಲ ಸಮುದ್ರಗಳಿಗೂ ಹರಡಿದರೆ ವ್ಯಾಪ್ತಿಯು ಸಿದ್ಧಿಸುವುದಿಲ್ಲ. ಆ ಅನುಮಾನಕ್ಕೆ ಬಾಧಕವಾದ ಪ್ರತ್ಯಕ್ಷವೂ ಮೊದಲೇ ದೊರೆತಿದ್ದಿತು. ೧೮೧೮ರಲ್ಲಿ ಜಾನ್ ರಾಸ್ ಎಂಬ ನಾವಿಕನು ಉತ್ತರದ ಬ್ಯಾಫಿನ್ ಕೊಲ್ಲಿಯಲ್ಲಿ ಆಳವನ್ನು ಅಳೆಯುತ್ತಿದ್ದಾಗ, ಬಹು ಆಳದಿಂದ ಮೇಲೆಳೆದ ಹಗ್ಗಕ್ಕೆ ನಕ್ಷತ್ರದಾಕಾರದ ಜೀವಿಯೊಂದು ತೊಡರಿಕೊಂಡು ಬಂದಿದ್ದಿತು. ಆದರೆ ಅದನ್ನು ಯಾರೂ ಲಕ್ಷಿಸಲಿಲ್ಲ. ೧೮೬೦ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕೆಟ್ಟುಹೋಗಿದ್ದ ತಂತಿಯ ಹಗ್ಗವೊಂದನ್ನು ಸಾವಿರ ಮಾರಿಗೂ ಕೆಳಗಿನಿಂದ ಎತ್ತಿದಾಗ, ಅದಕ್ಕೆ ಹವಳದ ಹುಳುಗಳು ಅಂಟಿಕೊಂಡು ಬೆಳೆದುದು ಕಂಡುಬಂದಿತು. ಹಗ್ಗಕ್ಕೆ ದಾರಿಯಲ್ಲಿ ತೊಡರಿದ ಜೀವಿಯೆಂದು ಇದನ್ನು ತಳ್ಳಿಹಾಕುವಂತಿರಲಿಲ್ಲ; ಅಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆದ ಜೀವಿಗಳು ಅವು.

ಈ ಸಂಶಯವನ್ನು ಪರಿಹರಿಸಲು ಹೊರಟವರಲ್ಲಿ ಮುಖ್ಯರು ವಿಲಿಯಮ್ ಕಾರ್ಪೆಂಟರ್ ಮತ್ತು ಚಾರ್ಲ್ಸ್ ವೈವಿಲ್ ಥಾಮ್ಸನ್ ಎಂಬ ಇಬ್ಬರು ಆಚಾರ್ಯರು. ಇವರು ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ನೌಕಾಖಾತೆಯನ್ನು ಕೇಳಿಕೊಂಡು, ೧೮೬೮ರಲ್ಲಿ ‘ಲೈಟ್ನಿಂಗ್’ ಎಂಬ ಹಡಗನ್ನೂ ೧೮೬೯ ಮತ್ತು ೧೮೭೦ರಲ್ಲಿ ‘ಪಾರ್ಕ್ಯುಪೈನ್’ ಎಂಬ ಹಡಗನ್ನೂ ಪಡೆದರು. ಎರಡನೆಯ ಹಡಗಿನ ಬಲೆಯು ೨,೪೩೫ ಮಾರಿನ ಆಳಕ್ಕಿಳಿದು, ಜೀವಂತವಾದ ಪ್ರಾಣಿಗಳೊಡನೆಯೇ ಮೇಲೆ ಬಂದಿತು. ಫೋರ್ಬ್ಸನ ಮತವು ಬಿದ್ದುಹೋಯಿತು. ಹಾಗಾದರೆ ಭೂಮಂಡಲದ ಮಿಕ್ಕ ಸಾಗರಗಳ ಗರ್ಭದಲ್ಲಿ ಏನಿರಬಹುದೆಂಬ ಜಿಜ್ಞಾಸೆಯು ಹುಟ್ಟಿತು. ಪ್ರಪಂಚವನ್ನೆಲ್ಲ ಸುತ್ತಿ ಪರೀಕ್ಷಿಸಲು ಒಂದು ದೊಡ್ಡ ಹಡಗನ್ನು ಕೊಡಬೇಕೆಂದು ರಾಯಲ್ ಸೊಸೈಟಿಯು ಬ್ರಿಟಿಷ್ ಸರ್ಕಾರವನ್ನು ಕೇಳಿತು, ಸರ್ಕಾರವು ಒಪ್ಪಿತು.

ನೌಕೆಯ ಪೂರ್ವಾಶ್ರಮ

ಈ ಕಾರ್ಯಕ್ಕೆ ಆರಿಸಿದ ಹಡಗು ‘ಚಾಲೆಂಜರ್’. ಯುದ್ಧಕ್ಕೆ ಬಾರೆಂದು ಕರೆಯುವವನು ಎಂಬುದು ಆ ಹೆಸರಿನ ಅರ್ಥ. ಹೆಸರಿಗೆ ತಕ್ಕಂತೆ ಅದು ಯುದ್ಧನೌಕೆಯಾಗಿಯೇ ಹುಟ್ಟಿತ್ತು. ೧೮೫೮ನೆಯ ಇಸವಿ ಫೆಬ್ರವರಿ ೧೩ನೆಯ ತಾರೀಖು ಲಂಡನ್ನಿನ ಬಳಿಯ ವುಲ್ವಿಚ್ ನೌಕಾಂಗಣದಲ್ಲಿ ಅದನ್ನು ನೀರಿಗಿಳಿಸಿದರು. ‘ಕಾರ್ವೆಟ್’ ಎಂಬ ಜಾತಿಗೆ ಸೇರಿದ ಈ ಹಡಗು ಸುಮಾರು ಇನ್ನೂರು ಅಡಿ ಉದ್ದವಾಗಿದ್ದು, ೨,೩೦೬ ಟನ್ನುಗಳಷ್ಟು ನೀರನ್ನು ಸರಿಸಿ ತೇಲುತ್ತಿತ್ತು. ಮರದ ಒಡಲು, ಮೂರು ಪಟಸ್ತಂಭಗಳು, ಅವುಗಳಲ್ಲದೆ ಒಂದು ಉಗಿಯಂತ್ರ. ಗಾಳಿ ಬೀಸುವಾಗ ಹಾಯಿಯಿಂದಲೂ, ನಿಂತಲ್ಲಿಯೇ ನಿಂತು ಕೆಲಸ ಮಾಡಬೇಕಾದಾಗ ಉಗಿಯಿಂದಲೂ ಅದು ನಡೆಯಬಲ್ಲುದಾಗಿತ್ತು.

ಅದರ ಪೂರ್ವಚರಿತ್ರೆಯು ಎಲ್ಲ ವಿಧದಲ್ಲಿಯೂ ಶ್ಲಾಘ್ಯವಾದುದೆಂದು ಹೇಳುವಂತಿಲ್ಲ. ೧೮೬೨ರಲ್ಲಿ ಅದು ಮೆಕ್ಸಿಕೋ ದೇಶದ ಮೇಲಣ ಕಾರ್ಯಾಚರಣೆಯಲ್ಲಿ ಸೇರಿತ್ತು. ೧೮೬೬ರಿಂದ ಆಸ್ಟ್ರೇಲಿಯದ ನೌಕಾವಿಭಾಗಕ್ಕೆ ಮುಖ್ಯನೌಕೆಯಾಗಿದ್ದಿತು. ೧೮೬೭ರಲ್ಲಿ ಫಿಜಿ ದ್ವೀಪದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯನ್ನೂ ಅವನ ಸಂಗಡಿಗರನ್ನೂ ದ್ವೀಪವಾಸಿಗಳು ಕೊಂದುದಕ್ಕೆ ದಂಡನೆಯಾಗಿ, ಮರುವರ್ಷ ಅಲ್ಲಿಗೆ ಸೈನ್ಯವನ್ನು ಕೊಂಡೊಯ್ದುದೂ ಇದೇ ಹಡಗು. ಆರು ವರ್ಷಗಳು ಕಳೆದ ಬಳಿಕ ಅದೇ ಫಿಜಿ ದ್ವೀಪಕ್ಕೆ ಅದು ಬೇರೊಂದು ವೇಷದಿಂದ ಹೋಗಿ ನಿಂತಿತು. ಅಂದು ತಂದುದು ಫಿರಂಗಿಯನ್ನು; ಇಂದು ತಂದುದು ಬಲೆಯನ್ನೂ ಗಾಜಿನ ಜಾಡಿಗಳನ್ನೂ. ಕತ್ತಿಯನ್ನು ಕರಗಿಸಿ ನೇಗಿಲಿನ ಗುಳ ಮಾಡಿದಂತೆ ಒಂದು ಆಯುಧವು ಉಪಕರಣವಾಗಿ ಮಾರ್ಪಟ್ಟಿತು.

ಈ ಮಾರ್ಪಾಡನ್ನು ಬಹು ಎಚ್ಚರಿಕೆಯಿಂದ ಮಾಡಿದರು. ಎರಡನ್ನುಳಿದು ಮಿಕ್ಕ ಫಿರಂಗಿಗಳನ್ನೆಲ್ಲ ತೆಗೆದುಹಾಕಿದರು. ಅವುಗಳಿದ್ದ ಜಾಗದಲ್ಲಿ ಜೀವಿಗಳ ಪರೀಕ್ಷೆಗೆ ಒಂದು ಕೊಠಡಿ, ರಸಾಯನ ಪರೀಕ್ಷೆಗೆ ಒಂದು ಕೊಠಡಿ, ಛಾಯಾಚಿತ್ರಕ್ಕಾಗಿ ಒಂದು ಕತ್ತಲೆಯ ಕೋಣೆ ಇವು ಸಿದ್ಧವಾದವು. ಆಳವನ್ನು ಅಳೆಯುವುದಕ್ಕೆಂದು ಇಟಲಿಯ ಸೆಣಬಿನ ಹಗ್ಗವನ್ನು ೧೮೧ ಮೈಲಿಯಷ್ಟು ತುಂಬಿದರು. ಜೀವಿಗಳನ್ನು ಕೆಡದಂತೆ ಇಡಲು ಮದ್ಯಸಾರವನ್ನೂ ಜಾಡಿಗಳನ್ನೂ ಹೇರಿದರು. ಕಪ್ತಾನನಾಗಿ ಜಾರ್ಜ್ ನೇರ್ಸ್ ಎಂಬ ಅನುಭವಶಾಲಿಯಾದ ಮೋಜಣಿ ಅಧಿಕಾರಿಯು ನಿಯಮಿತನಾದನು. ಪಂಡಿತಮಂಡಲಿಗೆ ವೈವಿಲ್ ಥಾಮ್ಸನ್ ಮುಖ್ಯಸ್ಥ. ಅವನ ಸಂಗಡ ಜಾನ್ ಮರೆ, ಹೆನ್ರಿ ಮೋಸ್ಲಿ, ಜರ್ಮನಿಯ ತರುಣ ರುಡಾಲ್ಫ್ ಫಾನ್ ವಿಲೆಮೋಸ್-ಸೂಮ್ ಎಂಬ ಜೀವಶಾಸ್ತ್ರಜ್ಞರು. ಬ್ಯುಕ್ಯಾನನ್ ಎಂಬ ರಸಾಯನಜ್ಞ. ವೈಲ್ಡ್ ಎಂಬ ಚಿತ್ರಕಾರ. ಇವರಲ್ಲದೆ ಅಧಿಕಾರಿಗಳೂ ನಾವಿಕರೂ ಸೇರಿ ಹಡಗಿನಲ್ಲಿ ಸುಮಾರು ೨೪೦ ಮಂದಿಯಿದ್ದರು. ೧೮೭೨ನೆಯ ಇಸವಿ ಡಿಸೆಂಬರ್ ೭ರಂದು ಶೀರ್ನೆಸ್ ಬಂದರನ್ನು ಬಿಟ್ಟು, ೨೧ರಂದು ಪೋರ್ಟ್ಸ್‌ಮತ್‌ನಿಂದ ಚಾಲೆಂಜರ್ ಮಹಾಸಂಚಾರಕ್ಕೆ ಹೊರಟಿತು.

ಸಂಚಾರವೂ ಶ್ರಮವೂ

ನೌಕೆಯು ಮೊದಲು ಅಟ್ಲಾಂಟಿಕ್ ಸಾಗರವನ್ನು ಹಲವು ಸಲ ಅಡ್ಡಹಾಯ್ದು ೧೮೭೩ರ ಅಕ್ಟೋಬರ್ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಕೇಪ್ ಟೌನನ್ನು ಸೇರಿತು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕೆರ್ಗ್ಯುಲೆನ್, ಹರ್ಡ್ ಎಂಬ ನಿರ್ಜನ ದ್ವೀಪಗಳನ್ನು ನೋಡಿ, ೧೮೭೪ರ ಫೆಬ್ರವರಿ ೧೬ರಂದು ದಕ್ಷಿಣ ಧ್ರುವವೃತ್ತವನ್ನು ದಾಟಿತು. ಉಗಿಯಂತ್ರವುಳ್ಳ ಹಡಗು ಆ ವೃತ್ತವನ್ನು ದಾಟಿದುದು ಅದೇ ಮೊದಲು. ಬಳಿಕ ಮೆಲ್ಬರ್ನ್, ಸಿಡ್ನಿ, ನ್ಯೂಜಿಲೆಂಡ್, ಫಿಜಿ, ಫಿಲಿಪೈನ್ಸ್, ಹಾಂಗ್‌ಕಾಂಗ್, ಜಪಾನ್, ಹವಾಯಿ, ತಾಹಿತಿ, ವಾಲ್‌ಪರೈಸೋ ಎಂಬ ಎಡೆಗಳನ್ನು ಮುಟ್ಟಿ, ಮೆಗೆಲನ್ ಜಲಸಂಧಿಯ ಮೂಲಕ ಅಟ್ಲಾಂಟಿಕ್ ಸಾಗರಕ್ಕೆ ಹಿಂದಿರುಗಿತು. ೧೮೭೬ರ ಮೇ ೨೪ರಂದು ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕುವ ವೇಳೆಗೆ ಅದು ನಡೆದ ದಾರಿ ೬೮,೮೯೦ ನಾವಿಕ ಮೈಲಿ.

ಆದರೆ ಈ ಯಾತ್ರೆಯ ಸಾರವು ಅದು ಮುಟ್ಟಿದ ಊರುಗಳಲ್ಲಿಲ್ಲ. ಊರುಗಳ ನಡುವೆ ಸಮುದ್ರದಲ್ಲಿ ನಿಂತ ೩೬೨ ಠಾಣೆಗಳಲ್ಲಿದೆ. ಪ್ರತಿಯೊಂದು ಠಾಣೆಯಲ್ಲಿಯೂ ನಡೆಯುತ್ತಿದ್ದ ಕಾರ್ಯವು ಬಹುಮಟ್ಟಿಗೆ ಒಂದೇ. ಹಾಯಿಗಳನ್ನು ಇಳಿಸಿ, ಉಗಿಯ ಬಲದಿಂದ ಹಡಗನ್ನು ನಿಂತಲ್ಲಿಯೇ ನಿಲ್ಲಿಸುವರು. ಭಾರವಾದ ಗುಂಡನ್ನು ಕಟ್ಟಿದ ಹಗ್ಗವನ್ನು ಇಳಿಬಿಡುವರು. ಗುಂಡು ತಳವನ್ನು ಮುಟ್ಟಿದೊಡನೆ ಕಳಚಿಕೊಂಡು ಅಲ್ಲಿಯೇ ಉಳಿಯುವುದು. ಅದರೊಳಗಿದ್ದ ಟೊಳ್ಳುಕೊಳವೆಯು ತಳದ ಕೆಸರನ್ನು ಕಚ್ಚಿಕೊಂಡು ಮೇಲೆ ಬರುವುದು. ಹಗ್ಗದ ಉದ್ದದಿಂದ ಆಳವೂ, ಕೊಳವೆಯಿಂದ ತಳದ ಮಣ್ಣೂ, ಹಗ್ಗಕ್ಕೆ ಕಟ್ಟಿದ ಉಷ್ಣಮಾಪಕಗಳಿಂದ ಶೈತ್ಯವೂ, ಮುಚ್ಚಳವುಳ್ಳ ಪಾತ್ರೆಯಿಂದ ಆಳದ ನೀರೂ ದೊರೆಯುವುವು. ಆಮೇಲೆ ಕಬ್ಬಿಣದ ಚೌಕಟ್ಟಿನ ಬಾಚುಬಲೆಯನ್ನಾಗಲಿ ಟ್ರಾಲ್ ಬಲೆಯನ್ನಾಗಲಿ ಕೆಳಗಿಳಿಸಿ, ತಳದ ಮೇಲೆ ಎಳೆದು, ಸಣ್ಣ ಉಗಿಯಂತ್ರದಿಂದ ಮೇಲಕ್ಕೆ ಸೇದುವರು. ಇಷ್ಟಕ್ಕೆ ಬೆಳಗಿನಿಂದ ಸಂಜೆಯವರೆಗೂ ಹಿಡಿಯುತ್ತಿತ್ತು. ಹೀಗೆ ಆಳವನ್ನು ಅಳೆದುದು ೪೯೨ ಸಲ. ಬಾಚುಬಲೆಯನ್ನು ಬೀಸಿದುದು ೧೩೩ ಸಲ. ಟ್ರಾಲ್ ಬಲೆಯನ್ನು ಎಳೆದುದು ೧೫೧ ಸಲ.

ಪಂಡಿತರಿಗೆ ಪ್ರತಿಯೊಂದು ಬಲೆಯೂ ಹೊಸ ಗ್ರಂಥದಂತಿದ್ದಿತು. ಹಗ್ಗವನ್ನು ಸೇದುವ ನಾವಿಕರಿಗೆ ಅದು ಹಾಗಿರಲಿಲ್ಲ. ಮೊದಮೊದಲು ಬಲೆಯು ಮೇಲೆ ಬರುವಾಗ ಎಲ್ಲರೂ ಕುತೂಹಲದಿಂದ ಸುತ್ತುಗಟ್ಟುತ್ತಿದ್ದರು. ದಿನಗಳು ಕಳೆದಂತೆ ಬೂದುಬಣ್ಣದ ಕೆಸರನ್ನು ನೋಡಿ ನೋಡಿ ಬೇಸತ್ತು, ಕರೆದರೂ ಬಾರದಾದರು. ಹಡಗಿನ ಉಗ್ರಾಣದಲ್ಲಿ ಸಹಾಯಕನಾಗಿದ್ದ ಜೋಸೆಫ್ ಮ್ಯಾಟ್ಕಿನ್ ಎಂಬ ತರುಣನು ಮನೆಯವರಿಗೆ ಬರೆದ ಕಾಗದಗಳು ಉಳಿದುಕೊಂಡು, ೧೯೯೨ರಲ್ಲಿ ಅಚ್ಚಾದುವು. ಅಧಿಕಾರಿಗಳ ಗ್ರಂಥಗಳಲ್ಲಿ ಕಾಣದ ಕೆಳಗಿನವರ ಬಾಳು ಆ ಕಾಗದಗಳಿಂದ ತಿಳಿದುಬರುವುದು.

ಪ್ರಾಣನಷ್ಟವೂ ಆಯಿತು. ೧೮೭೩ರ ಮಾರ್ಚ್ ೨೫ರಂದು ಬಲೆಯನ್ನು ಸೇದುತ್ತಿರುವಾಗ, ಬಿಗಿತವನ್ನು ತಡೆಯಲಾರದೆ ರಾಟೆಯೊಂದು ಕಿತ್ತುಬಂದು ವಿಲಿಯಮ್ ಸ್ಟೋಕ್ಸ್ ಎಂಬ ನಾವಿಕ ಬಾಲಕನಿಗೆ ತಗುಲಿತು, ಅವನು ಮೃತನಾದನು. ಯಾವ ಸಮುದ್ರದ ಆಳವನ್ನು ಅರಸುತ್ತಿದ್ದರೋ ಆ ಸಮುದ್ರದಲ್ಲಿಯೇ ಅವನ ದೇಹವನ್ನು ವಿಸರ್ಜಿಸಿದರು. ಹಡಗಿನ ಹುಡುಗರಿಗೆ ಪಾಠ ಹೇಳಲು ಒಬ್ಬ ಉಪಾಧ್ಯಾಯನೂ ಇದ್ದನು. ಆಡಮ್ ಎಬೆಲ್ಸ್ ಎಂಬ ಆ ಉಪಾಧ್ಯಾಯನು ಅದೇ ವರ್ಷ ತೀರಿಕೊಂಡನು. ಪಂಡಿತರಲ್ಲಿ ಎಲ್ಲರಿಗಿಂತ ಕಿರಿಯನಾದ ವಿಲೆಮೋಸ್-ಸೂಮ್ ೧೮೭೫ರ ಸೆಪ್ಟೆಂಬರ್ ೧೩ರಂದು ಹವಾಯಿಯಿಂದ ತಾಹಿತಿಗೆ ಹೋಗುವ ದಾರಿಯಲ್ಲಿ ಸರ್ಪಿ ರೋಗದಿಂದ ಮಡಿದನು. ಅರುವತ್ತರಷ್ಟು ಮಂದಿ ನಾವಿಕರು ಬಂದರುಗಳಲ್ಲಿ ಹಡಗನ್ನು ಬಿಟ್ಟು ಓಡಿಹೋದರು. ರೋಗದಿಂದಲೂ ವರ್ಗಾವಣೆಯಿಂದಲೂ ಇಳಿದವರು ಬೇರೆ. ಕಪ್ತಾನ ನೇರ್ಸನನ್ನೇ ಉತ್ತರಧ್ರುವದ ಯಾತ್ರೆಗಾಗಿ ಹಾಂಗ್‌ಕಾಂಗ್‌ನಿಂದ ಹಿಂದಕ್ಕೆ ಕರೆಯಿಸಿಕೊಂಡುದರಿಂದ, ಫ್ರಾಂಕ್ ಟೂರ್ಲ್ ಥಾಮ್ಸನ್ ಎಂಬವನು ನಾಯಕತ್ವವನ್ನು ವಹಿಸಿದನು. ಕೊನೆಗೆ ಊರಿಗೆ ಹಿಂದಿರುಗಿದವರು ೧೪೪ ಮಂದಿ ಮಾತ್ರ. ಜ್ಞಾನವು ನಿರ್ಮೂಲ್ಯವಾಗಿ ದೊರೆಯುವುದಿಲ್ಲ. ಅದರ ಬೆಲೆಯನ್ನು ತೆರುವವರೆಲ್ಲರ ಹೆಸರೂ ಗ್ರಂಥದ ಮೊದಲ ಪುಟದಲ್ಲಿ ಅಚ್ಚಾಗುವುದಿಲ್ಲ.

ಸಮುದ್ರವು ಕೊಟ್ಟ ಉತ್ತರಗಳು

ಇಷ್ಟು ಶ್ರಮದಿಂದ ದೊರೆತುದೇನು? ಮೊದಲನೆಯದಾಗಿ, ಸಾಗರದ ತಳದಲ್ಲಿ ಎಲ್ಲಿ ಬಲೆ ಬೀಸಿದರೂ ಜೀವಿಗಳುಂಟೆಂಬುದು ನಿಸ್ಸಂದೇಹವಾಗಿ ಸ್ಥಿರಪಟ್ಟಿತು. ಅದುವರೆಗೆ ಯಾರೂ ವರ್ಣಿಸದಿದ್ದ ಸುಮಾರು ೪,೭೦೦ ಜಾತಿಯ ಜೀವಿಗಳು ದೊರೆತವು. ಉಷ್ಣವಲಯದ ಸಮುದ್ರದಲ್ಲಿಯೂ ಮೇಲಿನ ನೀರು ಬೆಚ್ಚಗಿದ್ದರೆ ತಳದ ನೀರು ಹೆಪ್ಪುಗಟ್ಟುವುದಕ್ಕೆ ಸಮೀಪವಾದಷ್ಟು ತಣ್ಣಗಿರುವುದೆಂಬುದು ಎಡೆಎಡೆಯಲ್ಲಿಯೂ ಅಳೆಯಲ್ಪಟ್ಟಿತು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ನೀರಿನೊಳಗೆ ಉದ್ದಕ್ಕೂ ಎತ್ತರವಾದ ನೆಲವು ಹಬ್ಬಿದೆಯೆಂಬುದು ಆಳದ ಅಳತೆಗಳಿಂದಲೂ, ಆ ದಿಬ್ಬದ ಎರಡು ಕಡೆಯ ನೀರಿನ ಶೈತ್ಯದ ವ್ಯತ್ಯಾಸದಿಂದಲೂ ಗೊತ್ತಾಯಿತು. ತಂದ ನೀರಿನಲ್ಲಿ ೭೭ ಮಾದರಿಗಳನ್ನು ಡಿಟ್‌ಮರ್ ಎಂಬ ರಸಾಯನಜ್ಞನು ಪರೀಕ್ಷಿಸಿ, ೧೮೮೪ರಲ್ಲಿ ಒಂದು ತತ್ತ್ವವನ್ನು ದೃಢಪಡಿಸಿದನು. ಸಮುದ್ರದಿಂದ ಸಮುದ್ರಕ್ಕೆ ಉಪ್ಪಿನ ಮೊತ್ತವು ಹೆಚ್ಚು ಕಡಿಮೆಯಾದರೂ, ಅದರಲ್ಲಿ ಸೇರಿರುವ ಮುಖ್ಯ ಲವಣಗಳ ಪರಸ್ಪರ ಪ್ರಮಾಣವು ಎಲ್ಲೆಲ್ಲಿಯೂ ಒಂದೇ ಎಂಬುದೇ ಆ ತತ್ತ್ವ.

೧೮೭೫ರ ಮಾರ್ಚ್ ೨೩ರಂದು ಪಶ್ಚಿಮ ಶಾಂತಸಾಗರದ ಮೇರಿಯಾನಾ ದ್ವೀಪಗಳ ಬಳಿ ಹಗ್ಗವನ್ನು ಇಳಿಸಿದಾಗ ಅದು ಇಳಿಯುತ್ತಲೇ ಹೋಯಿತು. ೪,೪೭೫ ಮಾರು ಹೋದ ಮೇಲೆ ತಳವು ಸಿಕ್ಕಿತು. ಎಂದರೆ ಐದು ಮೈಲಿಗೂ ಮಿಕ್ಕ ಆಳ. ಭೂಮಂಡಲದಲ್ಲಿಯೇ ಅತ್ಯಂತ ಆಳವಾದ ಕಂದಕದ ಅಂಚಿಗೆ ತಾವು ಬಂದಿರುವೆವೆಂಬುದು ಅವರಿಗೆ ತಿಳಿದಿರಲಿಲ್ಲ. ೧೯೫೧ರಲ್ಲಿ ಅದೇ ಹೆಸರಿನ ಇನ್ನೊಂದು ಬ್ರಿಟಿಷ್ ಹಡಗು ಧ್ವನಿಯ ಪ್ರತಿಧ್ವನಿಯಿಂದ ಅಳೆದು, ಆ ಸುತ್ತಿನಲ್ಲಿ ಸುಮಾರು ೧೦,೯೦೦ ಮೀಟರು ಆಳದ ಕುಳಿಯನ್ನು ಕಂಡುಹಿಡಿಯಿತು. ಅದಕ್ಕೆ ‘ಚಾಲೆಂಜರ್ ಕುಳಿ’ಯೆಂದೇ ಹೆಸರಾಯಿತು. ೧೯೬೦ರ ಜನವರಿ ೨೩ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಎಂಬ ಇಬ್ಬರು ‘ಟ್ರಿಯೆಸ್ಟ್’ ಎಂಬ ಮುಳುಗುಯಾನದಲ್ಲಿ ಕುಳಿತು ಆ ಕುಳಿಯ ತಳವನ್ನು ಮುಟ್ಟಿ ಬಂದರು.

ಈ ಯಾತ್ರೆಯಲ್ಲಿ ನಡೆದ ಎರಡು ವಿಚಾರಗಳು ಪ್ರಮಾಣಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸತಕ್ಕವು. ಒಂದು ಭ್ರಮದ ನಿವಾರಣೆ, ಇನ್ನೊಂದು ಸದನುಮಾನ. ಥಾಮಸ್ ಹಕ್ಸ್‌ಲಿಯೆಂಬ ಪ್ರಖ್ಯಾತ ಪಂಡಿತನು ೧೮೬೮ರಲ್ಲಿ, ಬಹುಕಾಲ ಮದ್ಯಸಾರದಲ್ಲಿಟ್ಟಿದ್ದ ಸಮುದ್ರದ ಕೆಸರನ್ನು ಪರೀಕ್ಷಿಸಿ, ಅದರಲ್ಲಿ ಲೋಳೆಯಂತಹ ಒಂದು ಪದಾರ್ಥವನ್ನು ಕಂಡನು. ಸಮುದ್ರದ ತಳವನ್ನೆಲ್ಲ ಆವರಿಸಿರುವ ಆದಿಜೀವವೇ ಅದೆಂದು ಬಗೆದು ‘ಬ್ಯಾಥಿಬಿಯಸ್’ ಎಂದು ಹೆಸರಿಟ್ಟನು. ಜಡದಿಂದ ಚೇತನವು ಹುಟ್ಟಿದ ಬಗೆಯನ್ನು ತೋರಿಸುವ ಸಾಕ್ಷಿಯು ದೊರೆಯಿತೆಂದು ಕೆಲವರು ಹಿಗ್ಗಿದರು. ಚಾಲೆಂಜರ್ ನೌಕೆಯವರು ಎಷ್ಟು ಕಡೆ ಹುಡುಕಿದರೂ ಹೊಸ ಕೆಸರಿನಲ್ಲಿ ಆ ಲೋಳೆಯು ಕಾಣಲಿಲ್ಲ. ಮದ್ಯಸಾರವನ್ನು ಬೆರಸಿಟ್ಟ ಕೆಸರಿನಲ್ಲಿ ಮಾತ್ರ ಕಂಡಿತು. ಬ್ಯುಕ್ಯಾನನ್ ಪರೀಕ್ಷಿಸಿ ನೋಡಲು, ಸಮುದ್ರದ ನೀರಿಗೆ ಮದ್ಯಸಾರವು ಸೇರಿದಾಗ ನೀರಿನಲ್ಲಿದ್ದ ಸುಣ್ಣದ ಗಂಧಕಲವಣವು ಒಡೆದು ಲೋಳೆಯಾಗಿ ತೋರುವುದೆಂಬುದು ಬಯಲಾಯಿತು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡಂತೆ, ಜಾಡಿಯೊಳಗಿನ ಲವಣದಲ್ಲಿ ಜೀವವನ್ನು ಕಂಡಿದ್ದರು. ಥಾಮ್ಸನನು ಈ ಸಂಗತಿಯನ್ನು ಕಾಗದದಲ್ಲಿ ತಿಳಿಸಿದಾಗ, ಹಕ್ಸ್‌ಲಿಯು ೧೮೭೫ರಲ್ಲಿ ಅದನ್ನು ತಾನಾಗಿಯೇ ಪತ್ರಿಕೆಯಲ್ಲಿ ಪ್ರಕಟಿಸಿ, ತಪ್ಪಿನ ಹೊಣೆಯನ್ನು ತಾನು ಹೊತ್ತನು. ವಾದದಲ್ಲಿ ಗೆಲ್ಲುವುದಕ್ಕಿಂತ ಸತ್ಯಕ್ಕೆ ಸೋಲುವುದು ದೊಡ್ಡದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಎರಡನೆಯ ವಿಚಾರವು ದಕ್ಷಿಣಧ್ರುವಕ್ಕೆ ಸಂಬಂಧಪಟ್ಟುದು. ಚಾಲೆಂಜರ್ ಆ ಕಡೆಯಲ್ಲಿ ನೆಲವನ್ನು ಕಾಣಲಿಲ್ಲ. ಕಂಡುದು ಹಿಮಪರ್ವತಗಳನ್ನು ಮಾತ್ರ. ಆದರೆ ಅಲ್ಲಿಯ ಸಮುದ್ರದ ತಳದಿಂದ ಬಾಚಿದ ಕಲ್ಲುಗಳಲ್ಲಿ ಗ್ರಾನೈಟ್, ನೈಸ್, ಮರಳುಗಲ್ಲು ಮೊದಲಾದುವು ಇದ್ದುವು. ಇಂತಹ ಶಿಲೆಗಳು ಮಹಾಖಂಡಗಳಲ್ಲಿ ಹುಟ್ಟುವುವೇ ಹೊರತು ನಡುಸಮುದ್ರದಲ್ಲಿ ಹುಟ್ಟುವುದಿಲ್ಲ. ನೆಲದ ಮೇಲಿಂದ ಹಿಮವು ಅವನ್ನು ಹೊತ್ತು ತಂದು, ಕರಗುವಾಗ ಕೆಳಗೆ ಬೀಳಿಸಿದೆ. ಆದುದರಿಂದ ಆ ಹಿಮದ ಆಚೆಗೆ ಒಂದು ಮಹಾಖಂಡವು ಇರಲೇಬೇಕೆಂದು ಮರೆಯು ವಾದಿಸಿದನು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕಲ್ಲಿನಿಂದ ಖಂಡವನ್ನು ಊಹಿಸಿದುದು. ಮುಂದೆ ಬಂದ ಯಾತ್ರಿಕರಿಗೆ ಆ ಖಂಡವು ಪ್ರತ್ಯಕ್ಷವೇ ಆಯಿತು. ಫೋರ್ಬ್ಸನದೂ ಅನುಮಾನವೇ, ಮರೆಯದೂ ಅನುಮಾನವೇ. ಹೇತುವಿನ ಬಲಾಬಲದಿಂದ ಒಂದು ಬಿದ್ದಿತು, ಇನ್ನೊಂದು ನಿಂತಿತು.

ಐವತ್ತು ಸಂಪುಟಗಳು

ಹಡಗು ಹಿಂದಿರುಗಿದ ಮೇಲೆ ಅಷ್ಟೇ ದೀರ್ಘವಾದ ಇನ್ನೊಂದು ಯಾತ್ರೆಯು ಎಡಿನ್‌ಬರೋ ನಗರದಲ್ಲಿ ಮೊದಲಾಯಿತು. ತಂದ ವಸ್ತುಗಳನ್ನು ವಿಂಗಡಿಸಿ, ಆಯಾ ಶಾಖೆಯಲ್ಲಿ ಪರಿಣತರಾದವರಿಗೆ ಕಳುಹಿಸಿ, ಅವರ ವರದಿಗಳನ್ನು ಅಚ್ಚು ಹಾಕಿಸಬೇಕಾಗಿತ್ತು. ಬ್ರಿಟನ್ನಿನ ಸರ್ಕಾರದ ಹಣದಿಂದ ತಂದುದನ್ನು ಬ್ರಿಟನ್ನಿನವರಿಗೇ ಕೊಡಬೇಕೆಂದು ಕೆಲವರು ಹಟ ಹಿಡಿದರು. ಥಾಮ್ಸನನು ಒಪ್ಪಲಿಲ್ಲ. ಯಾವ ದೇಶದವನಾದರೂ ಸರಿಯೇ, ಬಲ್ಲವನಿಗೆ ಸಲ್ಲಬೇಕೆಂಬುದು ಅವನ ನಿಲುವು. ಹಾಗೆ ಜರ್ಮನಿಯ ಹೆಕೆಲನಿಗೂ ಅಮೆರಿಕದ ಅಗಾಸಿಗೂ ಮಾದರಿಗಳು ಹೋದವು. ಹೆಕೆಲನೊಬ್ಬನೇ ರೇಡಿಯೊಲೇರಿಯವೆಂಬ ಸೂಕ್ಷ್ಮಜೀವಿಗಳಲ್ಲಿ ಮೂರು ಸಾವಿರದ ಐನೂರಕ್ಕೂ ಹೆಚ್ಚಿನ ಹೊಸ ಜಾತಿಗಳನ್ನು ವರ್ಣಿಸಿದನು. ಖಜಾನೆಯವರೊಡನೆ ಹೋರಾಡಿ ಬಳಲಿದ ಥಾಮ್ಸನನು ೧೮೮೨ರಲ್ಲಿ ತೀರಿಕೊಂಡನು. ಭಾರವು ಮರೆಯ ಹೆಗಲಿಗೆ ಬಿದ್ದಿತು. ಸರ್ಕಾರದ ಹಣವು ಸಾಲದೆ ಬಂದಾಗ ತನ್ನ ಸ್ವಂತ ಹಣವನ್ನೂ ಹಾಕಿ ಅವನು ಕಾರ್ಯವನ್ನು ಪೂರೈಸಿದನು. ೧೮೮೦ರಿಂದ ೧೮೯೫ರವರೆಗೆ ೫೦ ಸಂಪುಟಗಳಾಗಿ, ಸುಮಾರು ೨೯,೫೦೦ ಪುಟಗಳಲ್ಲಿ ವರದಿಯು ಹೊರಬಂದಿತು. ಸಮುದ್ರಶಾಸ್ತ್ರವೆಂಬ ವಿದ್ಯೆಗೆ ಅದೇ ಮೂಲಗ್ರಂಥವಾಯಿತು.

ಇಷ್ಟು ವೆಚ್ಚದಿಂದ ಪ್ರಯೋಜನವೇನೆಂದು ಕೇಳುವವರು ಆಗಲೂ ಇದ್ದರು. ಇದಕ್ಕೆ ದೊರೆತ ಒಂದು ಉತ್ತರವು ವಿನೋದಕರವಾಗಿದೆ. ಚಾಲೆಂಜರ್ ನೌಕೆಯಲ್ಲಿ ಅಧಿಕಾರಿಯಾಗಿದ್ದ ಮೆಕ್ಲಿಯರ್ ಎಂಬವನು ೧೮೮೭ರಲ್ಲಿ ಬೇರೊಂದು ಹಡಗಿನ ನಾಯಕನಾಗಿ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪಕ್ಕೆ ಹೋದನು. ಆ ದ್ವೀಪದ ಒಂದು ಕಲ್ಲು ಮರೆಯ ಕೈಸೇರಿತು. ಅದರಲ್ಲಿ ಪೈರಿಗೆ ಗೊಬ್ಬರವಾಗುವ ಶುದ್ಧವಾದ ಫಾಸ್ಫೇಟ್ ಇರುವುದನ್ನು ಮರೆಯು ಗುರುತಿಸಿದನು. ೧೮೮೮ರಲ್ಲಿ ಬ್ರಿಟನ್ ಆ ದ್ವೀಪವನ್ನು ವಶಪಡಿಸಿಕೊಂಡಿತು, ಗಣಿಯು ನಡೆಯಿತು. ಅದರಿಂದ ಖಜಾನೆಗೆ ಬಂದ ಹಣವು ಚಾಲೆಂಜರ್ ಯಾತ್ರೆಯ ವೆಚ್ಚವನ್ನು ಮೀರಿತೆಂದು ಮರೆಯೇ ಲೆಕ್ಕ ತೋರಿಸಿದನು. ಲಾಭವನ್ನು ಬಯಸದೆ ಮಾಡಿದ ಕೆಲಸವು ಲಾಭವನ್ನೂ ತಂದಿತು. ಆದರೆ ಆ ದ್ವೀಪವೇ ಇಲ್ಲದಿದ್ದರೂ ಐವತ್ತು ಸಂಪುಟಗಳ ಬೆಲೆಯಲ್ಲಿ ಕುಂದೇನೂ ಬರುತ್ತಿರಲಿಲ್ಲ.

ನೌಕೆಯ ಅವಸಾನ

ಗ್ರಂಥವು ಬೆಳೆಯುತ್ತಿದ್ದಂತೆ ಹಡಗು ಸವೆಯುತ್ತ ಬಂದಿತು. ೧೮೭೬ರಲ್ಲಿಯೇ ಅದನ್ನು ಹಾರ್ವಿಚ್ ಬಂದರಿನಲ್ಲಿ ನಾವಿಕರ ಶಿಕ್ಷಣಕ್ಕೆಂದು ನಿಲ್ಲಿಸಿದರು. ೧೮೮೩ರಲ್ಲಿ ಅದನ್ನು ಮೆಡ್‌ವೇ ನದಿಯಲ್ಲಿ ಕಟ್ಟಿಹಾಕಿ, ಹೊಸ ನಾವಿಕರನ್ನು ಇಳಿಸಿಕೊಳ್ಳುವ ತೇಲುವ ಛತ್ರವನ್ನಾಗಿ ಮಾಡಿದರು. ಭೂಮಂಡಲವನ್ನು ಸುತ್ತಿದ ನೌಕೆಯು ಒಂದು ನದಿಯ ಕೆಸರಿನಲ್ಲಿ ಮೂವತ್ತೆಂಟು ವರ್ಷ ನಿಂತಿತು. ೧೯೨೧ರ ಜನವರಿಯಲ್ಲಿ ಅದನ್ನು ಒಬ್ಬ ವ್ಯಾಪಾರಿಗೆ ಮಾರಿದರು. ಒಡಲಿಗೆ ಹೊದಿಸಿದ್ದ ತಾಮ್ರದ ತಗಡಿನ ಆಸೆಗಾಗಿ ಅವನು ಅದನ್ನು ಒಡೆದುಹಾಕಿದನು. ಆಗ ಮರೆಯೂ ಇರಲಿಲ್ಲ. ೧೯೧೪ರಲ್ಲಿಯೇ ಮೋಟಾರು ಗಾಡಿಯ ಅಪಘಾತದಿಂದ ಮೃತನಾಗಿದ್ದನು. ಹಡಗಿನ ಮೂತಿಯಲ್ಲಿದ್ದ ಮರದ ಪ್ರತಿಮೆಯೊಂದು ಮಾತ್ರ ಉಳಿದು, ಸೌತಾಂಪ್ಟನ್ ನಗರದ ರಾಷ್ಟ್ರೀಯ ಸಮುದ್ರಶಾಸ್ತ್ರ ಕೇಂದ್ರವನ್ನು ಸೇರಿತು. ಮರವೂ ತಾಮ್ರವೂ ಅಳಿದರೂ ಹೆಸರು ಅಳಿಯಲಿಲ್ಲ. ೧೯೮೩ರಲ್ಲಿ ಮೊದಲು ಹಾರಿದ ಅಮೆರಿಕದ ಆಕಾಶನೌಕೆಗೂ ಈ ಹಡಗಿನ ಹೆಸರನ್ನೇ ಇಟ್ಟಿದ್ದರು. ಅದು ೧೯೮೬ರಲ್ಲಿ ಏಳು ಮಂದಿ ಯಾತ್ರಿಕರೊಡನೆ ನ��ಶವಾದುದನ್ನು ಲೋಕವೇ ಬಲ್ಲುದು.

ಚಾಲೆಂಜರ್ ಅರಬ್ಬೀ ಸಮುದ್ರಕ್ಕಾಗಲಿ ಬಂಗಾಳ ಕೊಲ್ಲಿಗಾಗಲಿ ಬರಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ಅಂಚಿನಲ್ಲಿ ಹಾದುಹೋಯಿತು. ಆದರೂ ಅದರ ಋಣವು ಭಾರತಕ್ಕೂ ಉಂಟು. ೧೮೭೩ರ ಫೆಬ್ರವರಿ ೧೮ರಂದು ಕೆನರಿ ದ್ವೀಪಗಳ ನೈರುತ್ಯಕ್ಕೆ ಅದರ ಬಲೆಯಲ್ಲಿ ಕಪ್ಪು ಬಣ್ಣದ ಲೋಹದ ಗಂಟುಗಳು ಬಂದವು. ಮುಂದೆ ಶಾಂತಸಾಗರದಲ್ಲಿ ಅವು ರಾಶಿರಾಶಿಯಾಗಿ ದೊರೆತವು. ಒಡೆದು ನೋಡಿದರೆ ಕೆಲವುಗಳ ನಡುವೆ ಶಾರ್ಕ್ ಮೀನಿನ ಹಲ್ಲು, ಕೆಲವುಗಳ ನಡುವೆ ತಿಮಿಂಗಿಲದ ಕಿವಿಯ ಎಲುಬು. ಅದರ ಸುತ್ತ ಮ್ಯಾಂಗನೀಸು ಕಬ್ಬಿಣಗಳು ಬಹು ದೀರ್ಘಕಾಲ ಪದರಪದರವಾಗಿ ಕಟ್ಟಿಕೊಂಡಿದ್ದವು. ನೂರು ವರ್ಷ ಅವು ವಸ್ತುಸಂಗ್ರಹಾಲಯದ ವಿಚಿತ್ರವಸ್ತುಗಳಾಗಿದ್ದವು. ಇತ್ತ ಭಾರತದಲ್ಲಿ, ೧೮೮೧ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಇನ್ವೆಸ್ಟಿಗೇಟರ್’ ಎಂಬ ಸರ್ಕಾರಿ ಹಡಗಿನಲ್ಲಿ ಆಲ್ಕಾಕ್ ಮೊದಲಾದ ವೈದ್ಯರು ಇಲ್ಲಿಯ ಸಮುದ್ರಗಳ ಜೀವಿಗಳನ್ನು ಸಂಗ್ರಹಿಸಿದರು. ೧೯೬೫ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನೆಯಲ್ಲಿ ಭಾರತದ ಯುದ್ಧನೌಕೆ ‘ಕಿಸ್ತ್ನಾ’ ಭಾಗವಹಿಸಿತು. ಕನ್ನಡನಾಡಿನಲ್ಲಿ ಹರಿಯುವ ಕೃಷ್ಣಾನದಿಯ ಹೆಸರೇ ಇಂಗ್ಲಿಷರ ಬಾಯಲ್ಲಿ ಹಾಗಾಗಿತ್ತು. ಆ ಸಂಶೋಧನೆಯ ಫಲವಾಗಿ ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು ಹುಟ್ಟಿ ಗೋವೆಯಲ್ಲಿ ನೆಲೆಗೊಂಡಿತು. ಅದರ ‘ಗವೇಷಣಿ’ ಎಂಬ ಹಡಗು ೧೯೮೧ರ ಜನವರಿ ೨೬ರಂದು ಅರಬ್ಬೀ ಸಮುದ್ರದ ತಳದಿಂದ ಅದೇ ಜಾತಿಯ ಲೋಹದ ಗಂಟುಗಳನ್ನು ಮೇಲೆತ್ತಿತು. ೧೯೮೭ರಲ್ಲಿ ಅಂತರರಾಷ್ಟ್ರೀಯ ನಿಯಮದಂತೆ ಹಿಂದೂ ಮಹಾಸಾಗರದ ನಡುವೆ ಒಂದು ವಿಸ್ತಾರವಾದ ಪ್ರದೇಶವನ್ನು ಶೋಧಿಸುವ ಹಕ್ಕು ಭಾರತಕ್ಕೆ ದೊರೆಯಿತು.

ಗವೇಷಣವೆಂಬ ಶಬ್ದಕ್ಕೆ ಮೊದಲು ಕಳೆದುಹೋದ ಗೋವನ್ನು ಅರಸುವುದೆಂಬ ಅರ್ಥವಿದ್ದು, ಬರಬರುತ್ತ ಯಾವುದೇ ವಸ್ತುವನ್ನು ಹುಡುಕುವುದೆಂಬ ಅರ್ಥವು ರೂಢಿಗೆ ಬಂದಿತು. ಗೋವನ್ನು ಅರಸುವವನಿಗೆ ತಾನು ಅರಸುತ್ತಿರುವುದೇನೆಂಬುದು ಗೊತ್ತು. ಚಾಲೆಂಜರ್ ನೌಕೆಯವರಿಗೆ ಅದು ಗೊತ್ತಿರಲಿಲ್ಲ. ಏನು ದೊರೆಯುವುದೆಂದು ತಿಳಿಯದೆಯೇ ಅವರು ಕತ್ತಲೆಯೊಳಗೆ ಹಗ್ಗವನ್ನು ಇಳಿಸಿದರು. ಸರ್ಕಾರಗಳು ಹಡಗುಗಳನ್ನು ಕಟ್ಟುವುವು, ಕೆಲಸ ತೀರಿದ ಮೇಲೆ ಮಾರುವುವು. ಅದು ಲೋಕದ ರೀತಿ. ಆದರೆ ಹಡಗಿನಿಂದ ಅಳೆದುದನ್ನು ಬರೆದಿಟ್ಟು, ಬಲ್ಲವರಿಗೆಲ್ಲ ಹಂಚಿ, ಅಚ್ಚು ಹಾಕಿಸಿದ ಬಳಿಕ ಆ ಹಡಗು ಮುಳುಗುವುದೂ ಇಲ್ಲ, ಒಡೆಯುವುದೂ ಇಲ್ಲ. ಅಗಾಧವೆಂಬ ಶಬ್ದವು ಕೋಶದಲ್ಲಿ ಹಾಗೆಯೇ ಉಳಿದಿದೆ; ಅದರ ಅರ್ಥವನ್ನು ಮಾತ್ರ ಒಂದು ಹಳೆಯ ಮರದ ಹಡಗು ಸೆಣಬಿನ ಹಗ್ಗದಿಂದ ತಿದ್ದಿತು.